ಸುದ್ದಿಯ ಕೊನೆಯ ಸಾಲಿನಲ್ಲಿ ಬರುವ ಸರಕಾರಿ ವಕೀಲರು

ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ ಪೋಕ್ಸೋ ತೀರ್ಪಿನ ಸುದ್ದಿ ಬಂದರೆ ಅದರ ಕೊನೆಯ ಸಾಲು ಹೆಚ್ಚಾಗಿ ಒಂದೇ ತರಹ ಇರುತ್ತದೆ: ಪ್ರಾಸಿಕ್ಯೂಶನ್ ಪರವಾಗಿ ವಿಶೇಷ ಸರಕಾರಿ ಅಭಿಯೋಜಕರು ವಾದ ಮಂಡಿಸಿದ್ದರು. ಈ ಸಾಲನ್ನು ನಾನೂ ಎಷ್ಟೋ ಸಲ ಟೈಪ್ ಮಾಡಿ ಕಳಿಸಿದ್ದೇನೆ. ಜಾಗ ಕಡಿಮೆಯಾದರೆ ಡೆಸ್ಕಿನವರು ಮೊದಲು ತೆಗೆಯುವುದೂ ಇದನ್ನೇ.

ಆ ಸಾಲಿನ ಬಗ್ಗೆ ನಾನು ಸರಿಯಾಗಿ ಯೋಚಿಸಿದ್ದು ಅಂಬಲಪಾಡಿ ಜಂಕ್ಷನ್‌ನಲ್ಲಿ ಪರಿಚಯದವರೊಬ್ಬರು ಕೇಳಿದ ಪ್ರಶ್ನೆಯಿಂದ. ಅವರಿಗೆ ಬೇಕಾದವರ ಮನೆಯ ಮಗುವಿನ ಕೇಸು ಕೋರ್ಟಿಗೆ ಬಂದಿತ್ತು. ಅವರು ಯಾರು, ಯಾವ ಊರಿನವರು ಎಂದು ಇಲ್ಲಿ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂಬುದು ಮುಂದೆ ಬರುತ್ತದೆ.

“ಆರೋಪಿ ಕಡೆಯವರು ದೊಡ್ಡ ವಕೀಲರನ್ನು ಇಟ್ಟಿದ್ದಾರಂತೆ. ನಮ್ಮ ವಕೀಲರು ಯಾರು? ಫೀಸು ಎಷ್ಟು ಕೊಡಬೇಕು?” ಎಂದು ಕೇಳಿದರು.

“ಸರಕಾರಿ ವಕೀಲರು ಇರುತ್ತಾರೆ, ಫೀಸು ಇಲ್ಲ” ಎಂದೆ.

“ಅಂದರೆ ಪೊಲೀಸರ ವಕೀಲರೋ?”

“ಹೌದು, ಹಾಗೆಯೇ” ಎಂದುಬಿಟ್ಟೆ.

ಅದು ತಪ್ಪು ಉತ್ತರ. ಸರಕಾರಿ ಅಭಿಯೋಜಕರು ಪೊಲೀಸರ ವಕೀಲರಲ್ಲ. ಕಾನೂನಿನ ಕಣ್ಣಲ್ಲಿ ಅವರು ಮಗುವಿನ ಖಾಸಗಿ ವಕೀಲರೂ ಅಲ್ಲ. ಹಾಗಾದರೆ ಅವರು ಯಾರು ಎಂದು ತಿಳಿಯಲು ನೂರೈವತ್ತು ವರ್ಷ ಹಿಂದೆ ಹೋಗಬೇಕು. ಅಂದು ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ದೂರು ಸರಕಾರದ್ದಾದ ಕಾಲ

ಭಾರತೀಯ ದಂಡ ಸಂಹಿತೆ ಬಂದದ್ದು 1860ರಲ್ಲಿ, ಮೊದಲ ಕ್ರಿಮಿನಲ್ ಪ್ರೊಸೀಜರ್ ಕೋಡ್ ಬಂದದ್ದು 1861ರಲ್ಲಿ. ದೊಡ್ಡ ಅಪರಾಧ ನಡೆದರೆ ಅದು ಇಬ್ಬರ ನಡುವಿನ ಜಗಳವಲ್ಲ, ಸರಕಾರದ ವಿರುದ್ಧವೇ ನಡೆದ ತಪ್ಪು ಎಂಬ ವ್ಯವಸ್ಥೆ ಈ ಕಾನೂನುಗಳಿಂದ ಗಟ್ಟಿಯಾಯಿತು. ಇವತ್ತಿಗೂ ಕೇಸಿನ ಹೆಸರಲ್ಲಿ ಒಂದು ಕಡೆ ‘ಕರ್ನಾಟಕ ರಾಜ್ಯ’ ಎಂದೇ ಇರುತ್ತದೆ. ದೂರು ಕೊಟ್ಟವರು ಅಲ್ಲಿ ಸಾಕ್ಷಿ ಮಾತ್ರ. 1898ರ ಕೋಡ್ ಪ್ರಕಾರ ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆ ನಡೆದರೆ ಅದನ್ನು ಸರಕಾರಿ ಅಭಿಯೋಜಕರೇ ನಡೆಸಬೇಕಿತ್ತು. ಆ ನಿಯಮ ಈಗಲೂ ಇದೆ.

ಆದರೆ ಸರಕಾರದ ಪರ ನಿಂತವನ ಕೆಲಸ ಹೇಗಾದರೂ ಮಾಡಿ ಶಿಕ್ಷೆ ಕೊಡಿಸುವುದೇ? 1894ರಲ್ಲಿ ಅಲಹಾಬಾದ್ ಹೈಕೋರ್ಟ್ ದುರ್ಗಾ ಎಂಬ ಹೆಸರಿನ ಪ್ರಕರಣದಲ್ಲಿ ಇಲ್ಲ ಎಂದು ಹೇಳಿತು. ಅನ್ಯಾಯವಾಗಿ ಶಿಕ್ಷೆ ಗಿಟ್ಟಿಸುವುದು ಅಭಿಯೋಜಕರ ಗುರಿಯಲ್ಲ, ನ್ಯಾಯ ಸಿಗುವಂತೆ ನೋಡಿಕೊಳ್ಳುವುದು ಅವರ ಕೆಲಸ ಎಂಬುದು ಅದರ ಸಾರ. ಮುಂದೆ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳುತ್ತಾ ಬಂದಿದೆ. ಇದರಿಂದ ಮಗುವಿಗೆ ನಷ್ಟವಿಲ್ಲ. ಆರೋಪಿಗೆ ಅನುಕೂಲವಾದ ದಾಖಲೆಯನ್ನೂ ಮುಚ್ಚಿಡದ ವಕೀಲರು ಮಗುವಿನ ಪರ ಮಾತಾಡಿದರೆ ಆ ಮಾತಿಗೆ ತೂಕ ಹೆಚ್ಚು.

ಕಾನೂನೇ ಗಿಡ್ಡವಾಗಿದ್ದಾಗ

ವಕೀಲರು ಎಷ್ಟೇ ಒಳ್ಳೆಯವರಾದರೂ ಅವರ ಕೈಯಲ್ಲಿರುವ ಕಾನೂನು ಗಿಡ್ಡವಾಗಿದ್ದರೆ ಏನೂ ಮಾಡಲಾಗದು. 1860ರ ದಂಡ ಸಂಹಿತೆಯಲ್ಲಿ ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸು 10 ವರ್ಷ. ಕಲಕತ್ತೆಯಲ್ಲಿ ಫೂಲ್‌ಮಣಿ ಎಂಬ ಬಾಲಕಿ ವಯಸ್ಸಿನಲ್ಲಿ ಬಹಳ ದೊಡ್ಡವನಾದ ಗಂಡನ ಬಲಾತ್ಕಾರದಿಂದ ತೀರಿಕೊಂಡಳು. 1890ರಲ್ಲಿ ಆ ಕೇಸು ವಿಚಾರಣೆಗೆ ಬಂತು. ಅವಳಿಗೆ ಹತ್ತು ವರ್ಷ ದಾಟಿದ್ದರಿಂದ ಅತ್ಯಾಚಾರದ ಕಲಂ ಹಾಕಲೇ ಆಗಲಿಲ್ಲ. ಕೊನೆಗೆ ದುಡುಕಿನಿಂದ ತೀವ್ರ ಗಾಯ ಮಾಡಿದ ತಪ್ಪಿಗೆ ಒಂದು ವರ್ಷದ ಶಿಕ್ಷೆಯಾಯಿತು, ಅಷ್ಟೆ.

ಆ ಸಾವಿನ ಬಿಸಿಯಲ್ಲಿ 1891ರಲ್ಲಿ ವಯಸ್ಸನ್ನು 12ಕ್ಕೆ ಏರಿಸಿದರು. 1925ರಲ್ಲಿ 14, 1949ರಲ್ಲಿ 16 ಆಯಿತು. ಆಗಲೂ ಮದುವೆಯಾದ ಹುಡುಗಿಯರಿಗೆ ಬೇರೆಯೇ ಲೆಕ್ಕ, ಒಂದು ವರ್ಷ ಕಡಿಮೆ. ಗಂಡುಮಕ್ಕಳೂ ಸೇರಿ ಎಲ್ಲ ಮಕ್ಕಳಿಗೂ 18 ಎಂದು ಆದದ್ದು 2012ರ ಪೋಕ್ಸೋ ಕಾಯಿದೆಯಿಂದ. 18ರ ಒಳಗಿನ ಹೆಂಡತಿಯ ವಿಷಯದಲ್ಲಿ ಗಂಡನಿಗಿದ್ದ ರಿಯಾಯಿತಿಯನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2017ರಲ್ಲಿ. ಹತ್ತರಿಂದ ಹದಿನೆಂಟಕ್ಕೆ ಬರಲು ನಮ್ಮ ದೇಶಕ್ಕೆ ನೂರೈವತ್ತು ವರ್ಷ ಬೇಕಾಯಿತು.

ಮಂಗಳೂರಿಗೆ ಹೋಗಬೇಕಿದ್ದ ಮಕ್ಕಳು

ಆಗ ನಮ್ಮ ಉಡುಪಿ, ಕಾಪು, ಕಾರ್ಕಳ ಎಲ್ಲ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಜಿಲ್ಲೆಯ ಸೆಷನ್ಸ್ ನ್ಯಾಯಾಲಯ ಮಂಗಳೂರಿನಲ್ಲಿ. ಹೊಳೆಗಳಿಗೆ ಸೇತುವೆ ಇಲ್ಲದ ಆ ದಿನಗಳಲ್ಲಿ ಅಂಬಲಪಾಡಿಯ ಮಗು ದೊಡ್ಡ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾದರೆ ಉದ್ಯಾವರ, ಮುಲ್ಕಿ, ಕೂಳೂರುಗಳಲ್ಲಿ ದೋಣಿ ಹತ್ತಿ ಇಳಿದು ಹೋಗಬೇಕಿತ್ತು. ಇವತ್ತು ಬ್ರಹ್ಮಗಿರಿ, ಅಜ್ಜರಕಾಡು ದಾಟಿದರೆ ಕೋರ್ಟು ಸಿಗುತ್ತದೆ.

ಮಕ್ಕಳಿಗಾಗಿಯೇ ಪ್ರತ್ಯೇಕ ಕಾನೂನು ಭಾರತದಲ್ಲಿ ಮೊದಲು ಬಂದದ್ದು ನಮ್ಮದೇ ಪ್ರಾಂತದಲ್ಲಿ. ಅದು 1920ರ ಮದ್ರಾಸ್ ಮಕ್ಕಳ ಕಾಯಿದೆ. ಬಂಗಾಳ ಮತ್ತು ಬೊಂಬಾಯಿಯ ಕಾಯಿದೆಗಳು ಆಮೇಲೆ ಬಂದವು. ಆದರೆ ಆ ಕಾಯಿದೆ ಹೆಚ್ಚಾಗಿ ನೋಡಿದ್ದು ತಪ್ಪು ಮಾಡಿದ ಮಕ್ಕಳನ್ನು ಮತ್ತು ದಿಕ್ಕಿಲ್ಲದ ಮಕ್ಕಳನ್ನು. ಮಗುವಿನ ಮೇಲೆ ಯಾರೋ ದೊಡ್ಡವರು ದೌರ್ಜನ್ಯ ಮಾಡಿದರೆ ಆ ವಿಚಾರಣೆ ದೊಡ್ಡವರ ಕೋರ್ಟಿನಲ್ಲಿಯೇ, ಎಲ್ಲರ ಎದುರಿನಲ್ಲಿಯೇ ನಡೆಯುತ್ತಿತ್ತು.

ಆ ಕಾಲದಲ್ಲಿ ಜಿಲ್ಲೆಯ ಸರಕಾರಿ ವಕೀಲರೆಂದರೆ ಊರಿನ ಬಾರ್‌ನಲ್ಲಿ ಹೆಸರು ಮಾಡಿದ ಒಬ್ಬ ವಕೀಲರು. ಕಾರ್ಕಳ ತಾಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆಯವರನ್ನು ನಾವು ಲೋಕಸಭಾ ಸ್ಪೀಕರ್ ಎಂದೋ, ನಿಟ್ಟೆ ವಿದ್ಯಾಸಂಸ್ಥೆ ಕಟ್ಟಿದವರೆಂದೋ ನೆನೆಯುತ್ತೇವೆ. ಆದರೆ ಸ್ವಾತಂತ್ರ್ಯ ಬಂದ ಆಸುಪಾಸಿನ ವರ್ಷಗಳಲ್ಲಿ ಅವರು ದಕ್ಷಿಣ ಕನ್ನಡದ ಸರಕಾರಿ ಪ್ಲೀಡರ್ ಮತ್ತು ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿದ್ದರು. ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. 1973ರಲ್ಲಿ ಅವರನ್ನೂ ಸೇರಿ ಮೂವರು ಹಿರಿಯರನ್ನು ಬಿಟ್ಟು ಕಿರಿಯರೊಬ್ಬರನ್ನು ಸರಕಾರ ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟು ಹೊರಬಂದರು. ಸರಕಾರದ ವಕೀಲರಾಗಿದ್ದವರೇ ಮುಂದೆ ಸರಕಾರಕ್ಕೆ ಬಗ್ಗಲಿಲ್ಲ. ‘ಸರಕಾರಿ’ ಎಂಬ ಪದ ನೋಡಿ ವಕೀಲರನ್ನು ಅಳೆಯಬಾರದು ಎನ್ನುವುದಕ್ಕೆ ನಮ್ಮೂರಿನ ಉದಾಹರಣೆ ಇದು.

ಪೊಲೀಸರಿಂದ ಬೇರೆಯಾದದ್ದು

ಹಾಗಿದ್ದರೂ ‘ಪೊಲೀಸರ ವಕೀಲ’ ಎಂಬ ಮಾತು ಜನರ ಬಾಯಲ್ಲಿ ಉಳಿಯಲು ಕಾರಣವಿದೆ. ಹಳೆಯ ಕೋಡ್‌ನ ಕಾಲದಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಪೊಲೀಸ್ ಅಧಿಕಾರಿಗಳೇ ನಿಂತು ಕೇಸು ನಡೆಸುತ್ತಿದ್ದರು. ಹಿಡಿದವರೂ ಅವರೇ, ಕೋರ್ಟಿನಲ್ಲಿ ವಾದ ಮಾಡುವವರೂ ಅವರೇ. ಇದು ಸರಿಯಲ್ಲ, ಪ್ರಾಸಿಕ್ಯೂಶನ್ ಅನ್ನು ಪೊಲೀಸ್ ಇಲಾಖೆಯಿಂದ ಬೇರೆ ಮಾಡಿ ಎಂದು 1958ರಲ್ಲಿ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಹೇಳಿತು.

1973ರ ಹೊಸ ಕೋಡ್ ಮ್ಯಾಜಿಸ್ಟ್ರೇಟ್ ಕೋರ್ಟುಗಳಿಗೆ ಸಹಾಯಕ ಸರಕಾರಿ ಅಭಿಯೋಜಕರನ್ನು ಕೊಟ್ಟಿತು. ಆದರೂ ಕೆಲವು ರಾಜ್ಯಗಳಲ್ಲಿ ಅವರು ಪೊಲೀಸ್ ಇಲಾಖೆಯ ಕೈಕೆಳಗೆಯೇ ಇದ್ದರು. ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಈ ನಂಟನ್ನು ಕಡಿಯಲು ಹೇಳಿತು. 2005ರ ತಿದ್ದುಪಡಿಯಲ್ಲಿ ಪ್ರಾಸಿಕ್ಯೂಶನ್ ನಿರ್ದೇಶನಾಲಯದ ಕಲಂ ಸೇರಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಇದೆ.

ಈಗ ಪೊಲೀಸರ ಕೆಲಸ ತನಿಖೆ ಮಾಡಿ ದೋಷಾರೋಪ ಪಟ್ಟಿ ಸಲ್ಲಿಸುವುದು. ಅಲ್ಲಿಂದ ಮುಂದೆ ಯಾವ ಸಾಕ್ಷಿಯನ್ನು ಮೊದಲು ಕರೆಯಬೇಕು, ಏನು ಕೇಳಬೇಕು, ಜಾಮೀನಿಗೆ ಹೇಗೆ ಆಕ್ಷೇಪ ಹೇಳಬೇಕು, ಖುಲಾಸೆಯಾದರೆ ಮೇಲ್ಮನವಿಗೆ ಯೋಗ್ಯವೇ ಎಂದು ಸರಕಾರಕ್ಕೆ ಅಭಿಪ್ರಾಯ ಕೊಡುವುದು, ಇವೆಲ್ಲ ಅಭಿಯೋಜಕರ ಕೆಲಸ. ಆದರೆ ತನಿಖೆಯಲ್ಲಿ ಬಿಟ್ಟುಹೋದ ಸಾಕ್ಷ್ಯವನ್ನು ಅವರು ಹುಟ್ಟಿಸಲಾರರು. ಕೈಗೆ ಬಂದ ಅಕ್ಕಿಯಿಂದಲೇ ಅನ್ನ ಮಾಡಬೇಕು.

ಮಗುವಿನ ಮಾತಿಗೆ ಬೆಲೆ ಬಂದದ್ದು

ಈಗ ಮುಖ್ಯ ವಿಷಯ. ಇಂಥ ಕೇಸುಗಳಲ್ಲಿ ಹೆಚ್ಚಾಗಿ ಬೇರೆ ಸಾಕ್ಷಿ ಇರುವುದಿಲ್ಲ, ಮಗುವಿನ ಮಾತೇ ಸಾಕ್ಷಿ. ‘ಸಣ್ಣ ಮಗು, ಏನೋ ಹೇಳುತ್ತದೆ’ ಎಂದು ಮನೆಯಲ್ಲಿ ತಳ್ಳಿಹಾಕುವಂತೆ ಕೋರ್ಟಿನಲ್ಲೂ ತಳ್ಳಿಹಾಕುತ್ತಿದ್ದರು. ರಾಜಸ್ಥಾನದ ಎಂಟು ವರ್ಷದ ಬಾಲಕಿಯೊಬ್ಬಳ ಪ್ರಕರಣದಲ್ಲಿ 1951ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತು. ಪ್ರಮಾಣ ಮಾಡಿಸದೆ ಕೇಳಿದರೂ ಮಗುವಿನ ಸಾಕ್ಷ್ಯ ಸಾಕ್ಷ್ಯವೇ. ಬೇರೆ ಆಧಾರ ಇದ್ದರೆ ಮಾತ್ರ ಶಿಕ್ಷೆ ಎಂಬ ಕಟ್ಟುನಿಟ್ಟಿನ ನಿಯಮ ಇಲ್ಲ. ಮಗು ತಾಯಿಗೆ ತಕ್ಷಣ ಹೇಳಿದ ಮಾತನ್ನೂ ಆಧಾರವಾಗಿ ನೋಡಬಹುದು. ಇವತ್ತಿಗೂ ಅಭಿಯೋಜಕರು ಈ ತೀರ್ಪನ್ನು ಹಿಡಿದುಕೊಂಡೇ ವಾದ ಮಾಡುತ್ತಾರೆ.

ಅತ್ಯಾಚಾರ ಕೇಸುಗಳನ್ನು ಬಾಗಿಲು ಹಾಕಿ ನಡೆಸಬೇಕು, ಸಂತ್ರಸ್ತರ ಗುರುತು ಹೊರಗೆ ಹಾಕಬಾರದು ಎಂಬ ಕಲಂಗಳು ಬಂದದ್ದು 1983ರಲ್ಲಿ. ಮಗುವಿಗೂ ಆರೋಪಿಗೂ ನಡುವೆ ಪರದೆ ಇಡಿ, ಮುಜುಗರದ ಪ್ರಶ್ನೆಗಳನ್ನು ವಕೀಲರು ನೇರ ಕೇಳದೆ ಬರೆದು ನ್ಯಾಯಾಧೀಶರಿಗೆ ಕೊಡಲಿ, ಮಗುವಿಗೆ ನಡುನಡುವೆ ವಿರಾಮ ಕೊಡಿ ಎಂದು ‘ಸಾಕ್ಷಿ’ ಎಂಬ ಸಂಸ್ಥೆ ಹಾಕಿದ ಅರ್ಜಿಯಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕರ್ನಾಟಕದ ಒಂದು ಪ್ರಕರಣವೂ ದೇಶಕ್ಕೆಲ್ಲ ನಿಯಮ ಕೊಟ್ಟಿದೆ. ತುಮಕೂರು ಜಿಲ್ಲೆಯ ನೊಣವಿನಕೆರೆ ಪೊಲೀಸರು ದಾಖಲಿಸಿದ್ದ ಅತ್ಯಾಚಾರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಇಡೀ ದೇಶದ ಪೊಲೀಸ್ ಠಾಣೆಗಳಿಗೆ ಹೀಗೆ ಆದೇಶಿಸಿತು: ದೂರು ಬಂದ ಕೂಡಲೇ ಸಂತ್ರಸ್ತೆಯನ್ನು ಮ್ಯಾಜಿಸ್ಟ್ರೇಟರ ಬಳಿ ಕರೆದೊಯ್ದು ಹೇಳಿಕೆ ಬರೆಸಿ, 24 ಗಂಟೆಗಿಂತ ತಡವಾದರೆ ಕಾರಣವನ್ನು ಕೇಸ್ ಡೈರಿಯಲ್ಲಿ ಬರೆಯಿರಿ. ಮುಂದೆ ಬೆದರಿಕೆಗೋ ಆಮಿಷಕ್ಕೋ ಮನೆಯವರು ಮಾತು ಬದಲಿಸಿದರೆ ಅಭಿಯೋಜಕರಿಗೆ ಆಸರೆಯಾಗುವ ಕಾಗದಗಳಲ್ಲಿ ಇದೂ ಒಂದು.

ಪೋಕ್ಸೋ ಬಂದ ಮೇಲೆ

2012ರ ನವೆಂಬರ್ 14, ಮಕ್ಕಳ ದಿನಾಚರಣೆಯಂದು ಪೋಕ್ಸೋ ಕಾಯಿದೆ ಜಾರಿಗೆ ಬಂತು. ಅಲ್ಲಲ್ಲಿ ಚದುರಿದ್ದ ಈ ನಿಯಮಗಳನ್ನೆಲ್ಲ ಅದು ಒಂದೇ ಕಡೆ ತಂದಿತು. ಮಕ್ಕಳ ಕೇಸಿಗೆ ವಿಶೇಷ ನ್ಯಾಯಾಲಯ, ಅದಕ್ಕೇ ವಿಶೇಷ ಸರಕಾರಿ ಅಭಿಯೋಜಕರು ಎಂದು ಮಾಡಿತು. ಆ ಹುದ್ದೆಗೆ ಕನಿಷ್ಠ ಏಳು ವರ್ಷ ವಕೀಲಿಕೆ ಮಾಡಿರಬೇಕು.

ಆ ಕೋರ್ಟಿನ ರೀತಿಯೇ ಬೇರೆ. ಮಗುವಿಗೆ ಆರೋಪಿ ಎದುರು ನಿಲ್ಲುವ ಪ್ರಸಂಗ ಬರಬಾರದು. ಅಭಿಯೋಜಕರಾಗಲಿ ಆರೋಪಿಯ ವಕೀಲರಾಗಲಿ ಮಗುವನ್ನು ನೇರವಾಗಿ ಕೇಳುವ ಹಾಗಿಲ್ಲ, ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವಿಗೆ ಕೇಳುತ್ತಾರೆ. ಮಗು ನಂಬುವವರು ಹತ್ತಿರ ಇರಬಹುದು. ಮಗುವನ್ನು ಮತ್ತೆ ಮತ್ತೆ ಕರೆಯಬಾರದು, ಅದರ ನಡತೆಯ ಮೇಲೆ ಕೆಸರು ಎರಚುವ ಪ್ರಶ್ನೆಗೆ ಅವಕಾಶ ಕೊಡಬಾರದು. ಪ್ರಕರಣ ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ, ಸಾಧ್ಯವಾದಷ್ಟು ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು ಎಂದೂ ಕಾಯಿದೆ ಹೇಳುತ್ತದೆ.

ಆದರೆ ಕೇಸುಗಳು ರಾಶಿ ಬಿದ್ದವು. 2019ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಎತ್ತಿಕೊಂಡ ಪ್ರಕರಣದಲ್ಲಿ, ನೂರಕ್ಕಿಂತ ಹೆಚ್ಚು ಪೋಕ್ಸೋ ಕೇಸು ಇರುವ ಜಿಲ್ಲೆಗಳಲ್ಲಿ ಕೇಂದ್ರದ ಹಣದಿಂದ ಇದಕ್ಕೆಂದೇ ಕೋರ್ಟು ತೆರೆಯಿರಿ, ಮಕ್ಕಳ ಮನಸ್ಸು ತಿಳಿಯುವಂತೆ ತರಬೇತಿ ಪಡೆದ ಅಭಿಯೋಜಕರನ್ನು ನೇಮಿಸಿ ಎಂದಿತು. 1997ರ ಆಗಸ್ಟ್‌ನಲ್ಲಿ ಪ್ರತ್ಯೇಕ ಜಿಲ್ಲೆಯಾದ ನಮ್ಮ ಉಡುಪಿಯಲ್ಲೂ ಈಗ ಪೋಕ್ಸೋ ತ್ವರಿತಗತಿ ವಿಶೇಷ ನ್ಯಾಯಾಲಯ ಇದೆ.

ಜಿಲ್ಲೆಯ ವಕೀಲರಿಂದ ದೇಶದ ವಕೀಲರವರೆಗೆ

ಸರಕಾರಿ ವಕೀಲರು ಎಚ್ಚರ ಇದ್ದರೆ ಏನಾಗುತ್ತದೆ ಎಂಬುದಕ್ಕೆ 2021ರ ಒಂದು ಘಟನೆ ಸಾಕು. ಹನ್ನೆರಡು ವರ್ಷದ ಬಾಲಕಿಯ ಪ್ರಕರಣದಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಬಟ್ಟೆಯ ಮೇಲಿಂದ ಮುಟ್ಟಿದರೆ ಅದು ಪೋಕ್ಸೋ ಪ್ರಕಾರ ಲೈಂಗಿಕ ದೌರ್ಜನ್ಯ ಆಗುವುದಿಲ್ಲ, ಚರ್ಮಕ್ಕೆ ಚರ್ಮ ತಾಗಿರಬೇಕು ಎಂದು ಜನವರಿಯಲ್ಲಿ ತೀರ್ಪು ಕೊಟ್ಟಿತು. ಈ ತೀರ್ಪು ಹೀಗೇ ನಿಂತರೆ ದೇಶದ ಎಲ್ಲ ಕೋರ್ಟುಗಳಲ್ಲೂ ಆರೋಪಿಗಳು ಇದನ್ನೇ ತೋರಿಸುತ್ತಾರೆ. ಆಗಿನ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟಿನ ಗಮನಕ್ಕೆ ತಂದು ತಡೆ ಪಡೆದರು, ತಾವೇ ಮೇಲ್ಮನವಿ ಹಾಕಿದರು. ನವೆಂಬರ್ 18ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಚರ್ಮ ತಾಗಿತೇ ಎಂಬುದಲ್ಲ, ಕೆಟ್ಟ ಉದ್ದೇಶ ಇತ್ತೇ ಎಂಬುದೇ ಮುಖ್ಯ ಎಂದಿತು.

ಈ ವೇಣುಗೋಪಾಲ್ ಯಾರೋ ದೂರದವರಲ್ಲ. ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ, ಈಗ ಕಾಸರಗೋಡು ಜಿಲ್ಲೆಯಲ್ಲಿರುವ ಕಾಞಂಗಾಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬೆಳೆದು ಬೆಳಗಾವಿಯಲ್ಲಿ ಕಾನೂನು ಓದಿದವರು.

ರಾಜಿ ಯಾಕೆ ನಡೆಯುವುದಿಲ್ಲ

ಈಗ ಅಂಬಲಪಾಡಿಯ ಪ್ರಶ್ನೆಗೆ ಬರೋಣ. ಊರಲ್ಲಿ ಇಂಥದ್ದು ಆದಾಗ ಮೊದಲು ಕೇಳಿಬರುವ ಮಾತು ‘ಹುಡುಗಿಯ ಭವಿಷ್ಯ ನೋಡಿ, ಮಾತಾಡಿ ಮುಗಿಸಿ’. ಹತ್ತು ಸಮಸ್ತರು ಕೂತು ದುಡ್ಡಿನ ಲೆಕ್ಕ ಮಾಡಿ ಕಾಗದ ಬರೆಸುವುದೂ ಉಂಟು. ಆದರೆ ಕೇಸು ಮನೆಯವರದ್ದಲ್ಲ, ಸರಕಾರದ್ದು. ಹಿಂದಕ್ಕೆ ಪಡೆಯಬೇಕಾದರೆ ಅರ್ಜಿ ಹಾಕುವ ಅಧಿಕಾರ ಅಭಿಯೋಜಕರಿಗೆ ಮಾತ್ರ, ಅದಕ್ಕೂ ಕೋರ್ಟು ಒಪ್ಪಬೇಕು. ಹೊಸ ಸಂಹಿತೆಯಲ್ಲಿ ಸಂತ್ರಸ್ತರ ಮಾತು ಕೇಳದೆ ಕೋರ್ಟು ಒಪ್ಪಿಗೆ ಕೊಡುವ ಹಾಗಿಲ್ಲ. ರಾಜಸ್ಥಾನದಲ್ಲಿ ಶಿಕ್ಷಕರೊಬ್ಬರ ಮೇಲಿನ ಇಂಥ ಕೇಸನ್ನು ಮನೆಯವರ ರಾಜಿ ನೋಡಿ ಹೈಕೋರ್ಟ್ ರದ್ದು ಮಾಡಿತ್ತು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿ ಕೇಸನ್ನು ಮತ್ತೆ ಜೀವಂತ ಮಾಡಿತು. ಮಗುವಿನ ಮೇಲಿನ ಇಂಥ ಅಪರಾಧ ಇಬ್ಬರ ಖಾಸಗಿ ವಿಷಯವಲ್ಲ ಎಂಬುದು ಅದರ ಅರ್ಥ.

ಹಾಗಾಗಿ ಮನೆಯವರು ನೆನಪಿಡಬೇಕಾದ್ದು ಇಷ್ಟು. ಅಭಿಯೋಜಕರಿಗೆ ಫೀಸು ಇಲ್ಲ. ಸಾಕ್ಷಿಗೆ ಮೊದಲು ಅವರನ್ನು ಕಂಡು ಮಾತಾಡಬಹುದು. ಕೋರ್ಟು ಹೇಗಿರುತ್ತದೆ, ಯಾರು ಎಲ್ಲಿ ಕೂರುತ್ತಾರೆ ಎಂದು ಮಗುವಿಗೆ ಹೇಳಬಹುದು. ಆದರೆ ಏನು ಹೇಳಬೇಕು ಎಂದು ಬಾಯಿಪಾಠ ಮಾಡಿಸಬಾರದು. ‘ಹೇಳಿಕೊಟ್ಟ ಮಾತು’ ಎಂಬುದೇ ಎದುರು ವಕೀಲರ ದೊಡ್ಡ ಅಸ್ತ್ರ. ಬೇಕಿದ್ದರೆ ಸ್ವಂತ ವಕೀಲರನ್ನೂ ಇಟ್ಟುಕೊಳ್ಳಬಹುದು, ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ. ಆದರೆ ಆ ವಕೀಲರು ಅಭಿಯೋಜಕರಿಗೆ ನೆರವಾಗಬೇಕೇ ಹೊರತು ಅವರ ಬದಲಿಗೆ ಕೇಸು ನಡೆಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಗುವಿನ ವಯಸ್ಸು 18ರ ಒಳಗೆ ಎಂದು ತೋರಿಸುವುದೂ ಅಭಿಯೋಜಕರ ಹೊಣೆ. ಶಾಲೆಯ ಟಿ.ಸಿ. ಒಂದೇ ಸಾಲದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಜನನ ಪ್ರಮಾಣಪತ್ರವನ್ನು ಜೋಪಾನವಾಗಿಡಿ. ದೂರು ಕೊಡಲು ದಾರಿ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ನಮ್ಮಂಥ ವರದಿಗಾರರಿಗೂ ಒಂದು ಪಾಠ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಂದು ಸುದ್ದಿಯಲ್ಲಿ ಮಗುವಿನ ಹೆಸರು ಬಿಟ್ಟು ಊರಿನ ಹೆಸರು, ತಂದೆಯ ಕೆಲಸ, ಮಗುವಿನ ತರಗತಿ ಬರೆದು ಕಳಿಸಿದ್ದೆ. ಡೆಸ್ಕಿನ ಹಿರಿಯರು ಫೋನ್ ಮಾಡಿ ಬೈದು ಅದನ್ನೆಲ್ಲ ತೆಗೆದರು. ಅಷ್ಟು ಸುಳಿವು ಕೊಟ್ಟರೆ ನಮ್ಮ ಹಳ್ಳಿಗಳಲ್ಲಿ ಹೆಸರು ಬೇರೆ ಹೇಳಬೇಕೇ? ಗುರುತು ಬಯಲಾಗುವಂತೆ ಬರೆದವರಿಗೆ ಪೋಕ್ಸೋದಲ್ಲಿ ಕನಿಷ್ಠ ಆರು ತಿಂಗಳ ಶಿಕ್ಷೆ ಇದೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಫೋಟೋ ಹಾಕಿ ‘ನ್ಯಾಯ ಕೊಡಿಸಿ’ ಎಂದು ಬರೆಯುವವರೂ ಇದನ್ನು ತಿಳಿದಿರಲಿ. ಅದಕ್ಕೇ ಜಂಕ್ಷನ್‌ನಲ್ಲಿ ಕೇಳಿದವರ ಗುರುತನ್ನು ಇಲ್ಲಿ ಬರೆದಿಲ್ಲ.

ಅವರಿಗೆ ಮರುದಿನವೇ ಫೋನ್ ಮಾಡಿ ನನ್ನ ಉತ್ತರ ತಿದ್ದಿದೆ. “ಅವರು ಪೊಲೀಸರ ವಕೀಲರಲ್ಲ. ಮಗುವಿಗೆ ಆದದ್ದು ನಮಗೆಲ್ಲರಿಗೂ ಆದದ್ದು ಎಂದು ಹೇಳಲು ಸರಕಾರ ನಿಲ್ಲಿಸಿದವರು. ಹೋಗಿ ಮಾತಾಡಿ” ಎಂದೆ.

ಈಗ ತೀರ್ಪಿನ ಸುದ್ದಿ ಕಳಿಸುವಾಗ ಆ ಕೊನೆಯ ಸಾಲನ್ನು ಸ್ವಲ್ಪ ಮೇಲಕ್ಕೆ ತಂದು ಬರೆಯುತ್ತೇನೆ. ಕತ್ತರಿಸುವವರು ಕತ್ತರಿಸಲಿ.